ಬಸ್ಸಿನ ಮೇಲೆ ಸೈಕಲ್, ಬೆನ್ನ ಹಿಂದೆ ಗಾಳಿ

ಬಸ್ಸಿನ ಮೇಲೆ ಕಟ್ಟಿದ ಸೈಕಲ್ ಕಂಡರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಪಕ್ಕದಲ್ಲಿದ್ದವರ ತೋಳು ಹಿಡಿದು "ನೋಡಿ, ನೋಡಿ!" ಎನ್ನುತ್ತೇನೆ. ಅವರು ವಿಮಾನವೇನೋ ಎಂದು ಆಕಾಶ ನೋಡುತ್ತಾರೆ. "ಇವ್ರದ್ದು ಶುರುವಾತು ನೋಡ್ರಿ" ಎಂದು ನನ್ನ ಹೆಂಡತಿ ನಗುತ್ತಾಳೆ. ನಗಲಿ. ನೀವಾದರೂ ಪೂರ್ತಿ ಕೇಳಿ.

ಎಂಬತ್ತರ ದಶಕ ಕಣ್ಣುಬಿಡುತ್ತಿದ್ದ ಹೊತ್ತಿನಲ್ಲಿ ನನಗೆ ಹೊನ್ನಾಳಿಯಿಂದ ಜಗಳೂರಿಗೆ ವರ್ಗವಾಯಿತು. ಪೋಸ್ಟ್‌ಮಾಸ್ಟರ್ ಕೆಲಸ. ನಾನು ಹೊಳೆದಂಡೆಯವನು. ಗಾಳಿಯೆಂದರೆ ಸಂಜೆ ನೀರ ಮೇಲಿಂದ ಬಂದು ಬೆವರು ಒರೆಸಿ ಹೋಗುವ ಸಾಧುಪ್ರಾಣಿ ಎಂದುಕೊಂಡಿದ್ದೆ. ಜಗಳೂರಿನ ಆಷಾಢದ ಗಾಳಿ ಮೊದಲ ದಿನವೇ ನನ್ನ ಕೊಡೆಯನ್ನು ಕಸಿದು ಶೇಂಗಾ ಹೊಲದ ಆಚೆಗೆ ಒಯ್ದಿತು. ಕೊಡೆ ತಂದುಕೊಟ್ಟ ಕುರಿಗಾಹಿ, "ಇಲ್ಲಿ ಕೊಡೆ ಬಿಚ್ಚಬಾರ್ದ್ರಿ ಸಾರ್, ಕೊಡೆ ಜತೀಗೆ ನೀವೂ ಹೋಗ್ತೀರಿ" ಎಂದ.

ನನಗೆ ಕೊಡೆ ಹೋದರೆ ಚಿಂತೆಯಿರಲಿಲ್ಲ. ಚಿಂತೆ ಇದ್ದದ್ದು ಮೈಲಾರಪ್ಪನದು. ಅವನು ನಮ್ಮ ಪೋಸ್ಟ್‌ಮನ್. ಊರಿನಿಂದ ಪಡುವಣಕ್ಕೆ ಸಾಲಾಗಿ ಹಳ್ಳಿಗಳು, ಕಟ್ಟಕಡೆಗೆ ಒಂದು ಹಟ್ಟಿ. ಪಡುವಣ ಗಾಳಿಗೆ ಎದೆಗೊಟ್ಟು ಸೈಕಲ್ ತುಳಿದು, ತುಳಿಯಲಾರದೆ ಇಳಿದು, ದೂಡಿ, ಅವನು ಹಟ್ಟಿ ಮುಟ್ಟುವಾಗ ಹೊತ್ತು ಇಳಿಮುಖ. ತಿರುಗಿ ಬರುವಾಗ ಊರಲ್ಲಿ ದೀಪ ಹಚ್ಚಿರುತ್ತಿದ್ದರು. ಅವನು ತಂದ ಕಾಗದಗಳಿಗೆ ಸಂಜೆಯ ಟಪಾಲು ತಪ್ಪಿ, ಅವು ನಮ್ಮಲ್ಲೇ ರಾತ್ರಿ ಮಲಗುತ್ತಿದ್ದವು. ಹೀಗೇ ಆದರೆ ಹಟ್ಟಿಗೆ ದಿನ ಬಿಟ್ಟು ದಿನ ಟಪಾಲು ಸಾಕು ಎಂದು ಮೇಲಿನ ಇನ್‌ಸ್ಪೆಕ್ಟರ್ ಸಾಹೇಬರು ಹೇಳಿ ಕಳಿಸಿದರು. ತಾವೇ ಬಂದು ನೋಡಿ ತೀರ್ಮಾನಿಸುತ್ತೇವೆ ಎಂದೂ ಸೇರಿಸಿದ್ದರು.

ಸುದ್ದಿ ಹಟ್ಟಿಗೆ ಮುಟ್ಟಿತು. ಅಲ್ಲಿಂದ ಸಿದ್ದವ್ವ ಎಂಬ ಹಿರಿಯಾಕೆ ಸಂತೆಗೆಂದು ಬಂದವಳು ನಮ್ಮ ಕಿಟಕಿಗೆ ಬಂದು ನಿಂತಳು. "ಕಾಗದ ಇಲ್ದಿದ್ರೂ ಚಿಂತಿಲ್ಲಪ್ಪ, ಮೈಲಾರಪ್ಪನ್ನ ದಿನಾ ಕಳ್ಸು. ನಮ್ಮ ಹಟ್ಟಿಗೆ ಹೊರಗಿನ ಮನ್ಷಾ ಅಂತ ಬರಾದು ಅವನೊಬ್ಬನೇ." ಬಸ್ಸು ಬರುತ್ತಿತ್ತು ನಿಜ, ಆದರೆ ಬಸ್ಸು ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲವಲ್ಲ!

ನನಗೆ ಉತ್ಸಾಹ ಉಕ್ಕಿತು. ಉತ್ಸಾಹ ಉಕ್ಕಿದಾಗ ನನಗೆ ಬುದ್ಧಿ ಕಡಿಮೆ. ಇಲಾಖೆಯಿಂದ ಒಂದು ಮೊಪೆಡ್ ಕೇಳಿಬಿಡೋಣ ಎನ್ನಿಸಿತು. ಶೇಂಗಾ ಮಂಡಿಯ ಗೆಳೆಯನ ಮೊಪೆಡ್ ಎರವಲು ತಂದು ನಾನೇ ಕಲಿಯಲು ಹೊರಟೆ. ಕಲಿಸುವವನೇ ಕಲಿತಿರದಿದ್ದರೆ ಮೈಲಾರಪ್ಪನಿಗೆ ಕಲಿಸುವುದು ಹೇಗೆ? ಹೊರಡಿಸುವುದು ಕಲಿತೆ, ನಿಲ್ಲಿಸುವುದು ಕಲಿಯುವ ಮೊದಲೇ ಜಾಲಿ ಪೊದೆ ಬಂತು. ಹೆಂಡತಿ ಸೂಜಿ ಹಿಡಿದು ಮುಳ್ಳು ಕೀಳುತ್ತ, "ಗಾಳಿ ಜತೀಗೆ ಜಗಳ ಆಡಾಕೆ ಹೊಗೆ ಬಿಡೋ ಗಾಡಿ ಬೇಕಾ?" ಎಂದಳು. ಆ ಮಾತು ಆಗ ತಲೆಗೆ ಹೋಗಲಿಲ್ಲ. ಮುಳ್ಳಿನ ಕಡೆಗೇ ಗಮನವಿತ್ತು.

ಸಾಹೇಬರು ಬರುವ ದಿನ ಬಂದೇಬಿಟ್ಟಿತು. ಮೈಲಾರಪ್ಪ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೋದ. ಸಾಹೇಬರು ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಮಧ್ಯಾಹ್ನದ ಚಹಾ ಬರುವುದಕ್ಕೂ ಮೈಲಾರಪ್ಪ ಸಿಳ್ಳೆ ಹಾಕುತ್ತ ಒಳಗೆ ಬರುವುದಕ್ಕೂ ಸರಿಹೋಯಿತು. ಇಷ್ಟು ಬೇಗ? ಸಾಹೇಬರು ಕನ್ನಡಕ ಇಳಿಸಿ, "ಹಟ್ಟಿಗೆ ಹೋಗ್ಲೇ ಇಲ್ಲೇನಪ್ಪ?" ಎಂದರು.

"ಹಟ್ಟಿಗೇ ಮೊದ್ಲು ಹೋದೆ ಸಾಹೇಬ್ರೆ. ನಾ ಹೋಗ್ಲಿಲ್ಲ, ಬಸ್ಸು ಒಯ್ತು."

ಆದದ್ದಿಷ್ಟು. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯಲು ಅವನು ಸೈಕಲನ್ನು ಬಸ್ಸಿನ ಏಣಿಗೆ ಒರಗಿಸಿದ್ದ. ಏಣಿಗೆ ಒರಗಿದ್ದೆಲ್ಲ ಮೇಲಕ್ಕೆ ಹೋಗಬೇಕಾದ ಸಾಮಾನು ಎಂದು ತಿಳಿದ ಹಮಾಲಿ ಅದನ್ನೂ ಏರಿಸಿ, ಅದರ ಮೇಲೆ ದನದ ಹಿಂಡಿಯ ಮೂಟೆ ಒಟ್ಟಿದ್ದ. ಬಸ್ಸು ಹೊರಟಾಗ ಮೈಲಾರಪ್ಪ ಓಡಿ ಹತ್ತಿದ. "ಸೈಕಲ್ ಇಳ್ಸ್ರಿ" ಎಂದರೆ ಕಂಡಕ್ಟರ್, "ಮೂಟೆ ಇಳಿಯಾದು ಹಟ್ಟಿಯಾಗೇ. ಆಮೇಲೆ ನಿನ್ ಸೈಕಲ್ಲು. ಸುಮ್ನೆ ಕುಂತ್ಕೊ" ಎಂದ. ಹಟ್ಟಿಯಲ್ಲಿ ಇಳಿದು, ಅಲ್ಲಿಂದಲೇ ಕಾಗದ ಹಂಚುತ್ತ ಊರ ಕಡೆ ತಿರುಗಿದರೆ ಬೆನ್ನಿಗೆ ಗಾಳಿ! "ಪೆಡಲ್ ಮೇಲೆ ಕಾಲಿಟ್ಟಿದ್ದು ಮರ್ಯಾದಿಗೆ ಸಾರ್" ಎಂದ.

ನಾನು ಕುರ್ಚಿಯಿಂದ ಎದ್ದು ಸಾಹೇಬರ ಕೈ ಹಿಡಿದುಕೊಂಡೆ, ಹಿಡಿಯಬಾರದಿತ್ತು, ಹಿಡಿದೆ. ಬಸ್ಸು ಹೇಗಿದ್ದರೂ ಹೋಗುತ್ತಿತ್ತು! ಗಾಳಿ ಹೇಗಿದ್ದರೂ ಬೀಸುತ್ತಿತ್ತು! ಹೊಸದಾಗಿ ಒಂದು ತೊಟ್ಟು ಪೆಟ್ರೋಲ್ ಸುಡಬೇಕಿಲ್ಲ, ಒಂದು ಸುರುಳಿ ಹೊಗೆ ಬಿಡಬೇಕಿಲ್ಲ. ಆ ಬಸ್ಸಿಗೆ ಟಪಾಲು ಒಯ್ಯುವ ಒಪ್ಪಂದವೂ ಮೊದಲೇ ಇತ್ತು, ಹೊಸ ಖರ್ಚೇನೂ ಇಲ್ಲ. ಸಾಹೇಬರು ಕೈ ಬಿಡಿಸಿಕೊಂಡು, "ಹಂಗಾದ್ರೆ ಹಿಂಗೇ ನಡೀಲಿ" ಎಂದರು. ನನ್ನ ಮೊಪೆಡ್ ಅರ್ಜಿ ಜೇಬಿನಲ್ಲೇ ಮುದುಡಿತು. ಸ್ವಲ್ಪ ಬೇಸರವಾದದ್ದೂ ಸುಳ್ಳಲ್ಲ.

ಆಮೇಲೆ ಯೋಚಿಸಿದರೆ ಇದರಲ್ಲಿ ಹೊಸತೇನಿದೆ? ನಮ್ಮ ಊರ ಬಾಗಿಲಲ್ಲಿ ನಿಂತು ಕಾಯುವ ದೇವರೇ ಗಾಳಿಯ ಮಗ. ಸುದ್ದಿ ಮುಟ್ಟಿಸುವುದರಲ್ಲಿ ಅವನಿಗಿಂತ ಹಿರಿಯ ಪೋಸ್ಟ್‌ಮನ್ ಉಂಟೇ? ಪರಿಸರ ಎಂಬ ಮಾತು ಆಗ ನಮ್ಮ ಬಾಯಿಗೆ ಬಂದಿರಲಿಲ್ಲ. ಈಗ ಆ ಬಗ್ಗೆ ಭಾಷಣ ಕೇಳುವಾಗ ಏನನ್ನೋ ಬಿಡಬೇಕು, ಕಷ್ಟಪಡಬೇಕು ಎಂದೇ ಹೇಳುತ್ತಾರೆ. ನನಗೆ ಮೈಲಾರಪ್ಪನ ಸಿಳ್ಳೆ ನೆನಪಾಗುತ್ತದೆ. ಕೆಲಸ ಅಚ್ಚುಕಟ್ಟಾದರೆ ಹೊಗೆಯೂ ತಪ್ಪುತ್ತದೆ, ಮೊಣಕಾಲೂ ಉಳಿಯುತ್ತದೆ.

ಆದರೆ ಹತ್ತಿರದ ಹಳ್ಳಿಯವರು ಮುನಿಸಿಕೊಂಡರು. ಕಡೆಯ ಹಟ್ಟಿಗೆ ಮೊದಲ ಟಪಾಲು, ತಮಗೆ ಕಡೆಗೆ! ಅವರ ಗೌಡರು ಬಂದು, "ಇದು ಯಾವ ನ್ಯಾಯ ರೀ?" ಎಂದು ಮೇಜು ಕುಟ್ಟಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಕಾರ್ತಿಕ ಬಂತು, ಗಾಳಿ ತಾನೇ ತಿರುಗಿ ಮೂಡಣದಿಂದ ಬೀಸತೊಡಗಿತು. ನಾವೂ ಸಾಲು ತಿರುಗಿಸಿದೆವು: ಬೆನ್ನಗಾಳಿಯಲ್ಲಿ ಸೈಕಲ್ ಮೇಲೆ ಹೋಗುವುದು, ಹಟ್ಟಿಯಿಂದ ಸೈಕಲ್ ಸಮೇತ ಸಂಜೆ ಬಸ್ಸಿಗೆ, ಊರ ಟಪಾಲು ಹೊರಡುವ ಮೊದಲೇ, ಬರುವುದು. ಗೌಡರು ನಕ್ಕರು. ಈಗ ಹಟ್ಟಿಯವರು ಬೈಯುತ್ತಾರೆಂದು ಹೆದರಿ, ಸಮಾಧಾನ ಹೇಳಲು ನಾನೇ ಮೈಲಾರಪ್ಪನ ಜೊತೆ ಅಲ್ಲಿಗೆ ಹೋದೆ.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೈಲಾರಪ್ಪ ಕಟ್ಟೆಯ ಮೇಲೆ ಕೂತು ಒಬ್ಬರಿಗೆ ಕಾಗದ ಓದಿ ಹೇಳುತ್ತಿದ್ದ, ಇನ್ನೊಬ್ಬರಿಗೆ ಬರೆದುಕೊಡುತ್ತಿದ್ದ. ಸುತ್ತ ಹಟ್ಟಿಗೆ ಹಟ್ಟಿಯೇ ನೆರೆದಿತ್ತು. ಸಿದ್ದವ್ವ ನನ್ನ ಕೈಗೆ ಮಜ್ಜಿಗೆ ಲೋಟ ಇಟ್ಟಳು. ನಾನು ಅಳುಕುತ್ತ, "ಟಪಾಲು ತಡವಾತೇನವ್ವ?" ಎಂದೆ.

"ತಡಾದ್ರೆ ಆಗ್ಲಿ ಬಿಡಪ್ಪ," ಎಂದಳು. "ಆಗ ಕಾಗದ ಕೊಟ್ಟು ಓಡ್ತಿದ್ದ. ಈಗ ಮೈಲಾರಪ್ಪಾನೂ ಸಿಗ್ತಾನೆ."