ಮನೆಗೊಂದು ಚುಕ್ಕಿ

ನೈರೋಬಿಯಲ್ಲಿ ನಾನು ನಗರಗಳ ಇತಿಹಾಸ ಕಲಿಸುತ್ತೇನೆ. ಕ್ಲಾಸಿನಲ್ಲಿ ಫೋನು ನೋಡಿದವರನ್ನು ಮುಲಾಜಿಲ್ಲದೆ ಹೊರಗೆ ಕಳಿಸುವವರ ಪೈಕಿ. ಆದರೆ ಚಿಕಾನೊ ವಿದ್ಯಾರ್ಥಿಗಳ ಪಾಠ ಬಂದಾಗ ಯಾರೂ ಫೋನು ಮುಟ್ಟುವುದಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಮೆಕ್ಸಿಕೊ ಮೂಲದ ಹುಡುಗ ಹುಡುಗಿಯರು ತರಗತಿ ಬಿಟ್ಟು ಬೀದಿಗೆ ಬಂದದ್ದು, ನಮ್ಮ ಚರಿತ್ರೆಯನ್ನೂ ಕಲಿಸಿ ಎಂದು ಪಟ್ಟು ಹಿಡಿದದ್ದು, ತಮ್ಮ ಕೇರಿಯ ಗೋಡೆಗಳ ಮೇಲೆ ತಮ್ಮವರನ್ನೇ ಚಿತ್ರಿಸಿದ್ದು, ಇದನ್ನೆಲ್ಲ ಹೇಳುವಾಗ ನನಗೇ ದನಿ ಏರುತ್ತದೆ.

“ಅವರ ಅಮ್ಮಂದಿರು ಏನಂದ್ರು, ಮ್ಯಾಡಮ್?” ಎಂದು ಕೊನೆಯ ವರ್ಷದ ಹುಡುಗಿಯೊಬ್ಬಳು ಕೇಳಿದಳು.

ಕೆಲವರು ಹೆದರಿದರು, ಕೆಲವರು ಮಕ್ಕಳ ಪಕ್ಕ ಬಂದು ನಿಂತರು ಎಂದೆ. ಅವಳು ನಕ್ಕಳು. “ನಮ್ಮಮ್ಮ ಹೆದರೋ ಪಾರ್ಟಿ.”

ಅವಳ ಮನೆ ನಮಗೆ ದೂರವೇನಲ್ಲ. ಸೌತ್ ಬಿ ಬಡಾವಣೆಯಲ್ಲಿ ನಮ್ಮ ಕಾಂಪೌಂಡು ದಾಟಿ ಕಾರ್ಖಾನೆಗಳ ಕಡೆ ನಡೆದರೆ ತಗಡಿನ ಮನೆಗಳ ಸಾಲು ಸಿಗುತ್ತದೆ. ಅಲ್ಲಿ ಅವಳ ಅಮ್ಮ ಬಾಗಿಲಲ್ಲೇ ಒಲೆ ಹೂಡಿ ಮಂಡಾಜಿ ಕರಿದು ಮಾರುತ್ತಾಳೆ. ಮಂಗಳೂರು ಬನ್ಸನ್ನು ನೆನಪಿಸುವ ಆ ತಿಂಡಿಗೆ ನಾನೂ ಗಿರಾಕಿ. ಆ ಸಾಲಿನ ಮೇಲೆಯೇ ಹೊಸ ರಸ್ತೆ ಬರುತ್ತದೆಂದು ಒಂದು ದಿನ ನೋಟಿಸು ಅಂಟಿಸಿದರು. ಅಧಿಕಾರಿಗಳ ನಕ್ಷೆಯಲ್ಲಿ ಅದು ಬರೀ ಖಾಲಿ ಜಾಗವಂತೆ! ನನಗೆ ಮೈ ಉರಿಯಿತು.

ಅಧಿಕಾರಿಗಳು ಸ್ಥಳ ನೋಡಲು ಬರುವ ದಿನ ಕಾರ್ಖಾನೆಯ ಗೋಡೆಯ ಮೇಲೆ ಮನೆಗಳನ್ನೆಲ್ಲ ಬರೆದು ತೋರಿಸಬೇಕು ಎಂದು ನನ್ನ ವಿದ್ಯಾರ್ಥಿಗಳು ಹೊರಟರು. ಗೋಡೆಗೆ ಬಣ್ಣ ಹಚ್ಚಿದರೆ ಕೇಸು ಬೀಳುತ್ತದೆ. ನೆಲಕ್ಕೆ ಯಾರ ಅಪ್ಪಣೆ ಬೇಕು? ರಂಗೋಲಿ ಹಾಕೋಣ ಎಂದೆ. ಮನೆಗೊಂದು ಚುಕ್ಕಿ, ಓಣಿಗೊಂದು ಗೆರೆ. ಇಡೀ ವಾರ ಡಿಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಚುಕ್ಕಿ ಇಡುವ ಪಾಠ ನಡೆಯಿತು. ಬೆರಳ ಸಂದಿಯಿಂದ ಪುಡಿ ಬಿಡಲು ಬಾರದೆ ಅವರೆಲ್ಲ ಪೇಚಾಡುವುದನ್ನು ನೋಡಿ ನನಗೆ ಮುದ್ದು ಬಂತು.

“ಪಾಠ ಮಾಡೋದು ಬಿಟ್ಟು ಪ್ರೊಟೆಸ್ಟ್‌ಗೆ ಹೊರಟ್ಯಾ? ನಮ್ಮ ಪರ್ಮಿಟ್ ನೆನಪಿದೆ ತಾನೆ?” ಎಂದರು ನನ್ನ ಯಜಮಾನರು.

“ರಂಗೋಲಿ ಹಾಕಿದ್ರೆ ಯಾರೂ ಡಿಪೋರ್ಟ್ ಮಾಡಲ್ಲ ರೀ,” ಎಂದೆ. ನನಗೂ ಒಳಗೊಳಗೇ ಅಳುಕಿತ್ತು.

ಹುಡುಗಿಯ ಅಮ್ಮ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. “ಏನಾದ್ರೂ ಬರ್ಕೋ. ನನ್ನ ಮನೆ ಬರೀಬೇಡ. ಗುರುತು ಸಿಕ್ಕಿದ್ರೆ ಮೊದಲು ನಮ್ಮದನ್ನೇ ಕೆಡವ್ತಾರೆ. ನೀನು ಡಿಗ್ರಿ ಮುಗಿಸೋ ತನಕ ನಮಗೊಂದು ಸೂರು ಬೇಕು.” ಹುಡುಗಿ ಅಮ್ಮನಿಗೆ ಮಾತು ಕೊಟ್ಟಳು. ಆಮೇಲೆ ನನ್ನ ಮುಂದೆ ಕೂತು ಅತ್ತಳು.

ಆ ಬೆಳಿಗ್ಗೆ ತಗಡಿನ ಮನೆಗಳ ಮುಂದಿನ ಬಯಲಿಗೆ ಹೋಗಿ, ಅಂಗಡಿಯಿಂದ ತಂದ ಅಕ್ಕಿಹಿಟ್ಟಿನ ಚೀಲ ಬಿಚ್ಚಿದೆ. ಕಪ್ಪು ಮಣ್ಣಿನ ಮೇಲೆ ಮೊದಲ ಗೆರೆ ಹಾಲಿನಂತೆ ಎದ್ದು ಕಂಡಿತು. ಸುತ್ತ ನಿಂತಿದ್ದ ಹೆಂಗಸರೆಲ್ಲ ಚೀಲದತ್ತ ಬಗ್ಗಿ ನೋಡಿದರು. ಹುಡುಗಿಯ ತಾಯಿ ಮಂಡಾಜಿ ಬುಟ್ಟಿ ಕೆಳಗಿಟ್ಟು ನೆಟ್ಟಗೆ ನನ್ನ ಬಳಿ ಬಂದಳು.

“ಮ್ವಾಲಿಮು, ಇದು ಉಂಗಾ ಅಲ್ವಾ? ಹಿಟ್ಟನ್ನ ನೆಲಕ್ಕೆ ಹಾಕ್ತಿದೀರಾ?”

ಹಿಟ್ಟಿನ ಬೆಲೆಗೇ ಜನ ಬೀದಿಗಿಳಿಯುವ ಊರಿದು. ಅದು ನನಗೆ ಹೊಳೆಯಲೇ ಇಲ್ಲ. ಮ್ವಾಲಿಮು ಎಂದರೆ ಮೇಷ್ಟರು. ಆ ಗತ್ತಿನಲ್ಲೇ, ನಮ್ಮ ಕಡೆ ಅಕ್ಕಿಹಿಟ್ಟಿನಲ್ಲೇ ಹಾಕುವುದು, ಇರುವೆಗಳೂ ತಿನ್ನಲಿ ಎಂದು, ಅಂದೆ.

“ನಿಮ್ಮ ಕಡೆ ಮಕ್ಕಳಿಗಿಂತ ಮುಂಚೆ ಇರುವೆಗಳಿಗೆ ಬಡಿಸ್ತಾರಾ?”

ಎಲ್ಲರೂ ನಕ್ಕರು. ನಾನು ಮುಖ ಕೆಂಪಗೆ ಮಾಡಿಕೊಂಡು ಕೂತು ಹಿಟ್ಟು ಬಾಚಿ ಎತ್ತತೊಡಗಿದೆ. ಅವಳೂ ಎದುರಿಗೆ ಕೂತು, ಮೇಲಿನ, ಮಣ್ಣು ತಾಗದ ಹಿಟ್ಟನ್ನು ಬೆರಳ ತುದಿಯಿಂದ ತನ್ನ ಬಟ್ಟೆಯ ಸೆರಗಿಗೆ ತುಂಬಿಕೊಂಡಳು. ಅಷ್ಟರಲ್ಲಿ ಉಳಿದ ಹೆಂಗಸರು ತಂತಮ್ಮ ಇದ್ದಿಲೊಲೆಯ ಬೂದಿಯನ್ನು ತಂದು ಸುರಿದರು. ತಿಳಿ ಬೂದು ಬಣ್ಣ, ನುಣ್ಣಗಿನ ಪುಡಿ. ಯಾವ ರಂಗೋಲಿ ಪುಡಿಯೂ ನನ್ನ ಕೈಯಿಂದ ಅಷ್ಟು ಸಲೀಸಾಗಿ ಇಳಿದಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ಇಡೀ ಕೇರಿ ನೆಲದ ಮೇಲಿತ್ತು. ನಲ್ಲಿ, ಚರ್ಚು, ಶಾಲೆ, ಓಣಿಗಳು. ಪ್ರತಿಯೊಬ್ಬರೂ ತಮ್ಮ ಚುಕ್ಕಿ ಹುಡುಕಿ ಅದರ ಪಕ್ಕ ನಿಲ್ಲುತ್ತಿದ್ದರು. ಹುಡುಗಿಯ ತಾಯಿ ಮಾತ್ರ ಅಂಚಿನಲ್ಲೇ ಇದ್ದಳು. ಅಧಿಕಾರಿಗಳ ಜೀಪು ಬಂತು. ನಾಲ್ವರು ಇಳಿದರು, ಒಬ್ಬನ ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ.

ಆಗ ಆ ತಾಯಿ ಅಂಚು ಬಿಟ್ಟು ಚಿತ್ರದ ಓಣಿಯೊಳಗೆ ಕಾಲಿಟ್ಟಳು. ನಲ್ಲಿ ದಾಟಿದಳು, ಚರ್ಚಿನ ಹತ್ತಿರ ತಿರುಗಿದಳು, ನೆರೆಯವಳ ಚುಕ್ಕಿಯ ಪಕ್ಕ ಬಂದು ನಿಂತಳು. ಮುಂದೆ ಬರೀ ಮಣ್ಣು.

“ಇಲ್ಲಿ ಏನೂ ಇಲ್ವಲ್ಲ,” ಎಂದಳು.

“ನೀನೇ ಬೇಡ ಅಂದಿದ್ದೆ, ಅಮ್ಮಾ,” ಎಂದಳು ಹುಡುಗಿ.

ತಾಯಿ ಆ ಖಾಲಿ ಮಣ್ಣನ್ನು ನೋಡಿದಳು. ಆಮೇಲೆ ಬಗ್ಗಿ, ಪಕ್ಕದಲ್ಲಿ ಉಳಿದಿದ್ದ ರಾಶಿಯಿಂದ ಬೊಗಸೆ ಬೂದಿ ತೆಗೆದುಕೊಂಡು ಅಲ್ಲಿ ಸುರಿದಳು. ಅದು ಚುಕ್ಕಿಯಾಗಿರಲಿಲ್ಲ, ಗುಡ್ಡೆಯಾಗಿತ್ತು. ಉಳಿದವರ ಮನೆಗಿಂತ ಮೂರು ಪಟ್ಟು ದೊಡ್ಡದು. ನನಗೆ ಕಣ್ಣು ಮಂಜಾಯಿತು.

ರಸ್ತೆಯ ತೀರ್ಮಾನ ಇವತ್ತಿಗೂ ಆಗಿಲ್ಲ. ಮನೆಗಳು ನಿಂತಿವೆ, ಎಷ್ಟು ದಿನವೋ ಗೊತ್ತಿಲ್ಲ. ಆ ದಿನ ನಾನು ಕಂಡದ್ದನ್ನು ಮಾತ್ರ ಹೇಳಬಲ್ಲೆ. ನಕ್ಷೆ ಹಿಡಿದ ಅಧಿಕಾರಿ ಬಯಲಿಗೆ ಅಡ್ಡಲಾಗಿ ಬರಲು ಬೂಟು ಎತ್ತಿದ. ಹೆದರುವ ಪಾರ್ಟಿ ಎಂದು ಮಗಳು ಹೇಳಿದ್ದ ಆ ಹೆಂಗಸು ಬೂದಿ ಮೆತ್ತಿದ ಕೈಯನ್ನು ಅವನತ್ತ ಚಾಚಿದಳು.

“ಸುತ್ತಿ ಬನ್ನಿ ಸಾರ್, ಒಳಗೆ ಜನ ಇದ್ದೀವಿ.”

ಅವನು ಎತ್ತಿದ ಕಾಲನ್ನು ಹಿಂದಕ್ಕಿಟ್ಟು, ಸುತ್ತಿಕೊಂಡು ಬಂದ.