ಒಸಡಿನ ಕಪ್ಪು

ಭಾಗಮಂಡಲದ ಕಡೆ ಯಮುನತ್ತಿಗೆಯ ಕಾಚಂಪುಳಿ ಎಂದರೆ ಜನ ಹಿಂದೆಮುಂದೆ ನೋಡದೆ ದುಡ್ಡು ಕೊಟ್ಟು ಒಯ್ಯುತ್ತಾರೆ. ಪಣಪುಳಿ ಹಣ್ಣನ್ನು ಬುಟ್ಟಿಯಲ್ಲಿ ಕೊಳೆಯಲು ಬಿಟ್ಟು, ಸೋರಿದ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿದ ಹುಳಿ ಅದು. ಹಂದಿಸಾರಿಗೆ ಅದಿಲ್ಲದಿದ್ದರೆ ಊಟಕ್ಕೆ ಕೂತವರು ಮುಖ ಸಿಂಡರಿಸುತ್ತಾರೆ. ಹದ ನೋಡಲು ಉಳಿದವರು ಸೌಟಿನಿಂದ ಇಳಿಬಿಟ್ಟರೆ, ನನ್ನ ಗಂಡನ ಈ ಅಕ್ಕ ತೊಟ್ಟನ್ನು ನಾಲಗೆಗೆ ಹಾಕಿಕೊಂಡು ಬಾಯಿತುಂಬ ಹೊರಳಿಸುತ್ತಾರೆ. ನೋಡುವ ನಮಗೇ ಹಲ್ಲು ಚುಳ್ಳೆನ್ನುತ್ತದೆ.

ಹೋದ ವರ್ಷ ಅತ್ತಿಗೆಯ ಕೆಳದವಡೆಯ ಹಲ್ಲೊಂದು ಹೋಯಿತು. ಮಡಿಕೇರಿಯ ದಂತವೈದ್ಯೆ ದವಡೆಗೆ ಟೈಟಾನಿಯಂ ಮಿಶ್ರಲೋಹದ ತಿರುಪು ಕೂರಿಸಿ, ಮೇಲೆ ಹೊಸ ಹಲ್ಲು ತೊಡಿಸಿದರು. ಉಳಿದವು ಹುಳುಕಾಗದಿರಲಿ ಎಂದು ಫ್ಲೋರೈಡ್ ಜೆಲ್ ಕೊಟ್ಟು, ಅಪರೂಪಕ್ಕೊಮ್ಮೆ ಹಚ್ಚಿ ಸಾಕು ಎಂದರು. ಅತ್ತಿಗೆಯ ಲೆಕ್ಕಾಚಾರವೇ ಬೇರೆ. ಹುಳಿ ಹಲ್ಲಿಗೆ ಕೆಟ್ಟದ್ದು, ಔಷಧಿ ಒಳ್ಳೆಯದು, ಹುಳಿ ನೆಕ್ಕಿದಾಗಲೆಲ್ಲ ಔಷಧಿ ಹಚ್ಚಿದರಾಯಿತು! ಈ ಮಳೆಗಾಲವಿಡೀ ಒಲೆಯ ಮುಂದೆ ನಿಂತು ಅದನ್ನೇ ಮಾಡಿದರು. ಕೇಳಿದ್ದರೆ ಯಾರಾದರೂ ಬೇಡ ಎನ್ನುತ್ತಿದ್ದರು. ಕೇಳುವ ಜಾಯಮಾನ ಅವರದ್ದಲ್ಲ.

ಆಮೇಲೆ ಆ ಹಲ್ಲಿನ ಬುಡದಲ್ಲಿ ಒಸಡು ಕಪ್ಪಾಯಿತು. ಅತ್ತಿಗೆ ಯಾರಿಗೂ ಹೇಳಲಿಲ್ಲ. ಅವರ ತಂಗಿ ಚಿನ್ನಿ ತೀರಿಕೊಂಡದ್ದು ಬಾಯಿಯ ಕ್ಯಾನ್ಸರಿನಿಂದ. ಅವಳಿಗೂ ಮೊದಲು ಕಲೆ ಕಂಡದ್ದು ಒಸಡಿನಲ್ಲೇ. ಕೊನೆಕೊನೆಗೆ ಬಾಯಿ ತೆರೆಯಲಾಗದ ಆ ಹುಡುಗಿಯ ತುಟಿಗೆ ಬಟ್ಟೆಯಲ್ಲಿ ಗಂಜಿ ಅದ್ದಿ ಹಿಂಡಿದವರು ಅತ್ತಿಗೆಯೇ.

ನನಗೆ ಅನುಮಾನ ಬಂದದ್ದು ಅವರು ನಗುವುದನ್ನು ಬಿಟ್ಟಾಗ. ಮಾತಾಡುವಾಗ ಸೆರಗು ಬಾಯಿಗೆ ಹೋಗುತ್ತಿತ್ತು. ಮಗಳು ಪೂಜಿತಾಳನ್ನು ಕೂರಿಸಿಕೊಂಡು, ಅಪ್ಪನ ಕಾಫಿಗೆ ಸಕ್ಕರೆ ಎಷ್ಟು, ಜ್ವರ ಬಂದರೆ ಅವರು ಯಾವ ಮಾತ್ರೆ ನುಂಗುತ್ತಾರೆ ಎಂದೆಲ್ಲ ಹೇಳಿಕೊಡತೊಡಗಿದರು. ಊರಿಗೆ ಹೊರಟವರ ಹಾಗೆ. ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿಯೇಬಿಟ್ಟೆ.

“ಅತ್ತಿಗೆ, ಬಾಯಿಲಿ ಎಂತ ಉಟ್ಟು?”

“ಎಂತದೂ ಇಲ್ಲೆ.”

ಕರುವಿಗೆ ಔಷಧಿ ಕುಡಿಸುವಾಗ ಹಿಡಿಯುವಂತೆ ದವಡೆ ಹಿಡಿದು ನೋಡಿದೆ. ಹೊಸ ಹಲ್ಲಿನ ಸುತ್ತ ಒಸಡು ಮಸಿ ಬಳಿದಂತಿತ್ತು.

“ಚಿನ್ನಿಗೆ ಬಂದದೇ, ಅಲ್ವಾ?” ಎಂದರು ಅತ್ತಿಗೆ.

ನಾನು ವೈದ್ಯೆಯ ಹಳೇ ಚೀಟಿ ಹುಡುಕಿ ತೆಗೆದೆ.

“ನಾಳೆನೇ ಮಡಿಕೇರಿಗೆ ಹೋಕು,” ಎಂದೆ. ಅತ್ತಿಗೆಯ ಗಂಡ ಬೊಳ್ಳಪ್ಪ ಭಾವನ ಹತ್ತಿರ, ಅತ್ತಿಗೆಗೆ ಹಲ್ಲುನೋವು ಎಂದಷ್ಟೇ ಹೇಳಿದೆವು.

ವೈದ್ಯೆ ಹಲ್ಲನ್ನು ಬಿಚ್ಚಿ ತೆಗೆದರು. ಹೊಳೆಯಬೇಕಿದ್ದ ಲೋಹ ಮಂಕಾಗಿ, ಅಲ್ಲಲ್ಲಿ ತಿಂದುಹೋಗಿತ್ತು. ಅತ್ತಿಗೆಯ ಹುಳಿ, ಜೆಲ್ಲಿನ ಕಥೆ ಕೇಳಿ ತಲೆ ಚಚ್ಚಿಕೊಂಡರು.

“ಟೈಟಾನಿಯಂ ತುಕ್ಕು ಹಿಡಿಯೋದಿಲ್ಲ ಅಂತಾರೆ. ಅದರ ಮೇಲೆ ಕಣ್ಣಿಗೆ ಕಾಣದ ಪೊರೆ ಇರ್ತದೆ, ಅದರಿಂದ. ಬಾಯಲ್ಲಿ ಹುಳಿ ಇರುವಾಗಲೇ ಫ್ಲೋರೈಡ್ ಸೇರಿದ್ರೆ ಆ ಪೊರೆಯೇ ಕರಗ್ತದೆ. ಈ ಕಪ್ಪು ಲೋಹದ ಪುಡಿ ಇರಬಹುದು ಅಮ್ಮಾ. ಆದ್ರೂ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ.”

ಅಷ್ಟು ಮಾತಿನಲ್ಲಿ ಅತ್ತಿಗೆಗೆ ಕೇಳಿಸಿದ್ದು ‘ಆದ್ರೂ’ ಒಂದೇ. ವರದಿ ಬರುವತನಕ ಗಂಜಿ ಮುಟ್ಟಲಿಲ್ಲ. ಫೋನು ಸದ್ದಾದರೆ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ನಾನೇನು ಧೈರ್ಯವಂತೆಯೇ? ಅವರ ಎದುರು ಗದರುತ್ತಿದ್ದೆ, ಬಚ್ಚಲಿಗೆ ಹೋಗಿ ಅಳುತ್ತಿದ್ದೆ.

ವರದಿಯ ದಿನ ಬೊಳ್ಳಪ್ಪ ಭಾವನೇ ಜೀಪಿನಲ್ಲಿ ಕರೆದೊಯ್ದರು. ಆದರೆ ಒಳಗೆ ಬರಲಿಲ್ಲ, ಜೀಪಿನಲ್ಲೇ ಕೂತರು. ವೈದ್ಯೆ ಕಾಗದ ನೋಡಿ, ಲೋಹದ ಪುಡಿ ಅಷ್ಟೇ, ಕ್ಯಾನ್ಸರ್ ಅಲ್ಲ ಎಂದರು. ಲೋಹದ ಕೆಟ್ಟ ಭಾಗ ಬದಲಾಯಿಸಬೇಕು, ಹುಳಿ ನೆಕ್ಕುವುದನ್ನು ಬಿಡಬೇಕು ಎಂದೂ ಹೇಳಿದರು. ಅತ್ತಿಗೆ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಜೀಪು ಹತ್ತಿ ಕೂತ ಮೇಲೆ ಎಲ್ಲವನ್ನೂ ಗಂಡನಿಗೆ ಹೇಳಿದರು. ಭಾವ ಜೀಪು ಚಾಲೂ ಮಾಡಲಿಲ್ಲ. ಸ್ಟಿಯರಿಂಗಿಗೆ ಹಣೆ ಒತ್ತಿದರು.

“ನಾನೂ ನೋಡಿದ್ದೆ. ನೀ ಆಕಳಿಸುವಾಗ ಕಂಡತ್. ನಿನ್ನ ಕೇಳಿಕೆ ಹೆದರಿಕೆ ಆತ್.”

ಅತ್ತಿಗೆ ಅವರನ್ನೇ ನೋಡಿದರು. ಆಮೇಲೆ ಕೈಚೀಲ ಎತ್ತಿ ಅವರ ಬೆನ್ನಿಗೆ ದಬದಬ ಬಡಿಯುತ್ತಾ, ರಸ್ತೆಯವರೆಲ್ಲ ತಿರುಗಿ ನೋಡುವಂತೆ ಗೊಳೋ ಎಂದು ಅತ್ತರು. ನಾನು ತಡೆಯಲು ಹೋಗಲಿಲ್ಲ.