ಬರಬ್ಯಾಡ್ರಿ ಎನ್ನುವ ಅಂಗಡಿ

ಗಿರಾಕಿಗೆ ‘ಬರಬ್ಯಾಡ್ರಿ’ ಎಂದು ಹೇಳಿ ಕಳಿಸುವ ಅಂಗಡಿ ವಿಜಾಪುರದ ಗಾಂಧಿ ಚೌಕದಲ್ಲಿ ಒಂದೇ ಒಂದಿತ್ತು. ಬಟ್ಟೆಯಂಗಡಿಯವನು, ಕಿರಾಣಿಯವನು, ಕೊನೆಗೆ ಬಾಳೆಹಣ್ಣಿನ ಗಾಡಿಯವನೂ ‘ಮತ್ತ ಬರ್ರಿ’ ಎಂದು ಕೈಮುಗಿಯುವ ಪೇಟೆ ಅದು. ಔಷಧದಂಗಡಿಯ ಶಿವಶರಣಪ್ಪನವರು ಮಾತ್ರ ಬಾಟಲಿಯನ್ನು ಕೈಗಿಟ್ಟು, “ಆರಾಮ ಆಗ್ರಿ. ಮತ್ತ ಈ ಕಡೆ ಬರಬ್ಯಾಡ್ರಿ” ಎನ್ನುತ್ತಿದ್ದರು. ದವಾಖಾನೆಯಿಂದ ಹೊರಟವರಿಗೆ ನಮ್ಮಲ್ಲಿ ‘ಹೋಗಿ ಬರ್ರಿ’ ಎನ್ನುವುದಿಲ್ಲ, ಅದು ಅಪಶಕುನ. ಆ ಪದ್ಧತಿಯನ್ನು ಈ ಪುಣ್ಯಾತ್ಮ ಅಂಗಡಿಗೂ ತಂದಿದ್ದರು. ವ್ಯಾಪಾರ ಮುಳುಗಿಸಲು ಇದಕ್ಕಿಂತ ಒಳ್ಳೆಯ ಮಂತ್ರ ಬೇಕೆ ಎಂದು ನಾನು ಅವರೆದುರೇ ನಗುತ್ತಿದ್ದೆ. ಅವರೂ ನಗುತ್ತಿದ್ದರು.

ನಾನು ತಿಕೋಟಾದವನು, ಹೆಸರು ಹಣಮಂತ. ದಿನಾ ಬಸ್ಸಿನಲ್ಲಿ ವಿಜಾಪುರಕ್ಕೆ ಹೋಗಿ ದೊಡ್ಡ ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯಲ್ಲಿ ಕೂರುವುದು ನನ್ನ ನೌಕರಿಯಾಗಿತ್ತು. ಹೇಳುತ್ತಿರುವುದು ಐವತ್ತೆಂಟನೆಯ ಇಸವಿಯಿಂದ ಅರವತ್ತೈದರವರೆಗಿನ ಮಾತು. ಆಗ ನಮ್ಮ ಊರಿನಲ್ಲಾಗಲಿ ಬಬಲೇಶ್ವರದಲ್ಲಾಗಲಿ ಔಷಧದಂಗಡಿ ಇರಲಿಲ್ಲ. ಸರಕಾರದ ಸಣ್ಣ ದವಾಖಾನೆಯ ಡಾಕ್ಟರು ಚೀಟಿ ಬರೆಯುತ್ತಿದ್ದರು. ಆ ಚೀಟಿಯನ್ನು ಖಾಲಿ ಬಾಟಲಿಯ ಕುತ್ತಿಗೆಗೆ ದಾರದಿಂದ ಕಟ್ಟಿ ಜನ ಬೆಳಗಿನ ಬಸ್ಸಿನ ಡ್ರೈವರ್ ಗೈಬುಸಾಬನ ಕೈಗೆ ಕೊಡುತ್ತಿದ್ದರು. ಶಿವಶರಣಪ್ಪನವರು ಮಿಕ್ಸ್ಚರ್ ಕಲಸಿ ತುಂಬಿ, ಬಾಟಲಿಯ ಹೊಟ್ಟೆಗೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದು ಕಚ್ಚಿಗೆ ಒಂದು ಡೋಸು, ಓದು ಬಾರದವರಿಗೂ ತಿಳಿಯುವ ಲೆಕ್ಕ. ಸಂಜೆಯ ಬಸ್ಸಿಗೆ ಔಷಧ ಊರು ಮುಟ್ಟುತ್ತಿತ್ತು. ಗೈಬುಸಾಬ ಇದಕ್ಕೆ ಒಂದು ಪೈಸೆ ತೆಗೆದುಕೊಂಡವನಲ್ಲ. ಶಿವಶರಣಪ್ಪನವರಿಗೂ ಇದರಲ್ಲಿ ಲಾಭ ಅಷ್ಟಕ್ಕಷ್ಟೆ.

ಹಾಗಾದರೆ ಅಂಗಡಿ ನಡೆಯುತ್ತಿದ್ದುದು ಹೇಗೆ? ಅದನ್ನು ಅವರ ಹೆಂಡತಿ ಗುರುಬಾಯಿಯವರ ಬಾಯಿಂದಲೇ ಕೇಳಬೇಕು. ಜೋರಾಪುರ ಪೇಟೆಯ ಮನೆಯಿಂದ ಮಧ್ಯಾಹ್ನ ಬುತ್ತಿ ತರುವ ನೆಪದಲ್ಲಿ ಬಂದು ಗಲ್ಲಾಪೆಟ್ಟಿಗೆಯ ಲೆಕ್ಕ ನೋಡಿಹೋಗುವ ಹೆಣ್ಣುಮಗಳು ಅವರು. ಹೇಳುತ್ತಿದ್ದರು: “ನಮ್ಮ ಅಂಗಡ್ಯಾಗ ಟಾನಿಕ್ ದುಡೀತೈತಿ, ಸೀರಂ ಕುಂತು ತಿಂತೈತಿ.”

ಸೀರಂ ಎಂದರೆ ಗಂಟಲಮಾರಿಯ ಇಂಜೆಕ್ಷನ್ನು. ಮಕ್ಕಳ ಗಂಟಲಲ್ಲಿ ಬಿಳಿ ಪೊರೆ ಕಟ್ಟಿ ಉಸಿರು ನಿಲ್ಲಿಸುವ ಆ ಬೇನೆಗೆ ಬೇಗನೆ ಸೀರಂ ಸಿಕ್ಕರೆ ಮಗು ಉಳಿಯಿತು, ಇಲ್ಲವಾದರೆ ಇಲ್ಲ. ಅದನ್ನು ತಂಪಿನಲ್ಲೇ ಇಡಬೇಕು. ಅದಕ್ಕೆಂದೇ ಅವರು ಸೀಮೆಎಣ್ಣೆಯಿಂದ ನಡೆಯುವ ಹಳೆಯ ತಂಪುಪೆಟ್ಟಿಗೆಯೊಂದನ್ನು ಕೊಂಡು ತಂದಿದ್ದರು. ಹಗಲೂ ರಾತ್ರಿ ಎಣ್ಣೆ ಕುಡಿಯುವ ರಾಕ್ಷಸ ಅದು. ವರ್ಷದೊಳಗೆ ಬೇಕಾಗದಿದ್ದರೆ ಸೀರಂನ ಅವಧಿ ಮುಗಿದು ಚೆಲ್ಲಬೇಕು. ಬಹಳ ವರ್ಷ ಚೆಲ್ಲಿದ್ದೇ ಹೆಚ್ಚು. ಆ ನಷ್ಟವನ್ನೆಲ್ಲ ತುಂಬುತ್ತಿದ್ದುದು ಟಾನಿಕ್ಕು, ಕೂಸಿನ ಹಾಲಿನ ಪುಡಿ, ವಿಟಮಿನ್ ಗುಳಿಗೆ. ಅವನ್ನು ಕೊಳ್ಳುತ್ತಿದ್ದವರು ಅಥಣಿ ರಸ್ತೆಯ ಹೊಸ ಬಡಾವಣೆಯ ನೌಕರದಾರರು. ಅವರ ಕೂಸಿನ ಹಾಲಿನ ಡಬ್ಬಿಯಲ್ಲಿ ನಮ್ಮ ಹಳ್ಳಿಯ ಕೂಸಿನ ಉಸಿರು ಅಡಗಿತ್ತು ಎನ್ನಿ. ಇದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ನಮ್ಮ ಊರಿನ ರೈತ ರೇವಪ್ಪನ ಮೊಮ್ಮಗಳು ಮಲಕವ್ವನಿಗೆ ಗಂಟಲಮಾರಿ ಬಂತು. ಡಾಕ್ಟರು ಬರೆದ ಚೀಟಿ ಹಿಡಿದು ಗೈಬುಸಾಬ ಬೆಳಗಿನ ಬಸ್ಸು ಹೊಡೆದ. ಶಿವಶರಣಪ್ಪನವರು ದುಡ್ಡಿನ ಮಾತೆತ್ತದೆ ಥರ್ಮಾಸಿಗೆ ಬರ್ಫದ ಚೂರು ತುಂಬಿ, ನಡುವೆ ಸೀರಂ ಇಟ್ಟು, ತಾವೇ ನಿಲ್ದಾಣಕ್ಕೆ ಓಡಿ ಕೊಟ್ಟರು. ಗೈಬುಸಾಬ ಅದನ್ನು ತನ್ನ ರುಮಾಲಿನಲ್ಲಿ ಸುತ್ತಿ ಸೀಟಿನ ಪಕ್ಕ ಸಿಕ್ಕಿಸಿಕೊಂಡ. ಅವತ್ತು ನನಗೆ ರಜೆಯಿತ್ತು. ತಿಕೋಟಾದ ನಿಲ್ದಾಣದಲ್ಲಿ ರೇವಪ್ಪನ ಜೊತೆ ನಾನೂ ಕಾಯುತ್ತ ನಿಂತಿದ್ದೆ. ದೂಳೆಬ್ಬಿಸಿಕೊಂಡು ಬಂದ ಬಸ್ಸಿನಿಂದ ಮೊದಲು ಇಳಿದದ್ದು ಬೈಗುಳ. ನಡುವಿನ ಊರುಗಳಲ್ಲಿ ಇಳಿಯಬೇಕಾದವರನ್ನೆಲ್ಲ ಗೈಬುಸಾಬ ಇಳಿಸದೆ ನೇರ ತಂದುಬಿಟ್ಟಿದ್ದ. ಕಾರಣ ತಿಳಿದ ಮೇಲೆ ಆ ಜನ ಬಾಯಿ ಮುಚ್ಚಿಕೊಂಡು ಬಿಸಿಲಲ್ಲಿ ಹಿಂದಕ್ಕೆ ನಡೆದರು. ಮಲಕವ್ವ ಉಳಿದಳು.

ಮುಂದಿನ ವಾರ ರೇವಪ್ಪ ಕೃತಜ್ಞತೆ ಹೇಳಲು ಅಂಗಡಿಗೆ ಹೋದ. ಶಿವಶರಣಪ್ಪನವರು, “ಬರಬ್ಯಾಡ್ರಿ ಅಂತ ಹೇಳಿ ಕಳಿಸಿದ್ನಲ್ಲ ರೇವಪ್ಪಣ್ಣ, ಮತ್ತ ಯಾಕ ಬಂದ್ರಿ?” ಎಂದು ನಕ್ಕು ಚಹ ತರಿಸಿದರು.

ಇಷ್ಟರಲ್ಲಿ ನನ್ನ ಕಿಟಕಿಗೆ ಮುಂಬಯಿಯ ಪಾರ್ಸೆಲ್ಲುಗಳು ಬರತೊಡಗಿದವು. ಅಲ್ಲಿಯ ಒಂದು ಕಂಪನಿ ಟಾನಿಕ್ಕು, ಹಾಲಿನ ಪುಡಿ, ಗುಳಿಗೆಗಳನ್ನು ಅಂಚೆಯಲ್ಲೇ ಕಳಿಸುತ್ತಿತ್ತು. ಕಾರ್ಡು ಬರೆದರೆ ಸಾಕು, ವಿ.ಪಿ. ಬರುತ್ತದೆ, ನನ್ನ ಬಳಿ ದುಡ್ಡು ಕಟ್ಟಿ ಬಿಡಿಸಿಕೊಂಡರಾಯಿತು. ಪೇಟೆಗಿಂತ ರೂಪಾಯಿಗೆ ಮೂರು ನಾಲ್ಕಾಣೆ ಸೋವಿ. ಅಥಣಿ ರಸ್ತೆಯ ಗುಮಾಸ್ತ ಬಸವರಾಜ ಹತ್ತಾರು ಮನೆಗಳ ಬೇಡಿಕೆಯನ್ನು ಕೂಡಿಸಿ ಒಟ್ಟಿಗೆ ತರಿಸುತ್ತಿದ್ದ. ಅವನ ತಪ್ಪೇನೂ ಇಲ್ಲ, ಪಗಾರದ ಮನುಷ್ಯ ನಾಲ್ಕು ಕಾಸು ಉಳಿಸಿದ. ಕಂಪನಿಯದೂ ತಪ್ಪಲ್ಲ. ಅವರು ಬೇಗ ಖರ್ಚಾಗುವ, ಕೆಡದ ಮಾಲನ್ನಷ್ಟೇ ಮಾರುತ್ತಿದ್ದರು. ಬಿಸಿಲಲ್ಲಿ ಮೂರು ದಿನದ ರೈಲಿನ ಹಾದಿಗೆ ಸೀರಂ ಕಳಿಸಲು ಯಾರಿಗೆ ಹುಚ್ಚು? ಹೀಗೆ ದುಡಿಯುವುದು ಮುಂಬಯಿಗೆ ಹೋಯಿತು, ಕುಂತು ತಿನ್ನುವುದು ಗಾಂಧಿ ಚೌಕದಲ್ಲಿ ಉಳಿಯಿತು. ಅನ್ಯಾಯ ಮಾಡಿದವರು ಯಾರೂ ಇಲ್ಲದೆಯೇ ಅನ್ಯಾಯವಾಗುವುದನ್ನು ನಾನು ಕಂಡದ್ದು ಆಗಲೇ. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯದೆ ಪಾರ್ಸೆಲ್ಲುಗಳ ಮೇಲೆ ಮುದ್ರೆಯನ್ನು ಜೋರಾಗಿ ಕುಟ್ಟುತ್ತಿದ್ದೆ.

ಎರಡು ವರ್ಷ ಶಿವಶರಣಪ್ಪನವರು ಹೇಗೋ ತಳ್ಳಿದರು. ಮೂರನೆಯ ವರ್ಷ ಗುರುಬಾಯಿ ಕೈಯ ಚಿನ್ನದ ಬಿಲ್ವಾರ ಬಿಚ್ಚಬೇಕಾದಾಗ ಅಂಗಡಿಯಲ್ಲೇ ನಿಂತು ಹೇಳಿದರು: “ಕುಂತು ತಿನ್ನಾಂವಗ ಕುಡಿಕಿ ಹೊನ್ನೂ ಸಾಲೂದಿಲ್ಲ. ನಮ್ಮ ಕಡೆ ಕುಡಿಕಿನೂ ಇಲ್ಲ, ಹೊನ್ನೂ ಇಲ್ಲ. ಆ ಪೆಟಿಗಿ ಮಾರ್ರಿ, ಇಲ್ಲಾ ಅಂಗಡಿ ಮಾರ್ರಿ.”

ಶಿವಶರಣಪ್ಪನವರು ತಂಪುಪೆಟ್ಟಿಗೆಯ ದೀಪದ ಬತ್ತಿಯನ್ನು ಕತ್ತರಿಸಿ ಸರಿಮಾಡಿದರು. ಆ ಬೇಸಿಗೆಗೆ ಹೊಸ ಸೀರಂ ತರಿಸುವ ಹೊತ್ತು ಬಂದಿತ್ತು, ತರಿಸಲು ಕೈಯಲ್ಲಿ ಏನೂ ಇರಲಿಲ್ಲ.

ಬಸ್ಸಿನ ಸುದ್ದಿ ಬಸ್ಸಿಗಿಂತ ಮೊದಲೇ ಊರು ಸೇರುತ್ತದೆ. ಗೈಬುಸಾಬ ರೇವಪ್ಪನಿಗೆ ಹೇಳಿದ. ಮಾರನೆಯ ದಿನವೇ ರೇವಪ್ಪ ನನ್ನನ್ನೂ ಕರೆದುಕೊಂಡು ಅಂಗಡಿಯ ಮುಂದೆ ಬಂದು ನಿಂತ.

“ಸಾವಕಾರ್ರ, ಸೀರಂ ತರಸ್ರಿ. ರಾಶಿ ಮುಂದ ಊರಿನವ್ರೆಲ್ಲ ನಿಮಗ ಆಯ ಕೊಡ್ತೀವಿ.”

ಆಯ ಎಂದರೆ ಸುಗ್ಗಿಯಲ್ಲಿ ಕಣಕ್ಕೆ ಬಂದ ಬಡಿಗ, ಕಮ್ಮಾರ, ಹಡಪದ ಮೊದಲಾದ ಆಯಗಾರರಿಗೆ ರೈತ ತನ್ನ ರಾಶಿಯಿಂದ ಅಳೆದು ಕೊಡುವ ಕಾಳು. ಶಿವಶರಣಪ್ಪನವರ ಮುಖ ಕೆಂಪಾಯಿತು. ಪೇಟೆಯ ಅಂಗಡಿಕಾರ ಕಣದ ಮುಂದೆ ಹೋಗಿ ಅರಿವೆ ಹಾಸುವುದೆ? ಬೀಗರು ಏನೆಂದಾರು?

“ನಾ ದಾನ ತಗೊಳ್ಳಾಂವಲ್ಲ, ರೇವಪ್ಪಣ್ಣ.”

ರೇವಪ್ಪ ಸಿಟ್ಟಿಗೆದ್ದ. “ದಾನಾ? ಬಡಿಗ್ಯಾಗ ನಾವು ದಾನ ಕೊಡ್ತೀವೇನ್ರಿ? ಕೂರಿಗಿ ಮುರೀದ ವರ್ಷನೂ ಅವಗ ಆಯ ಐತಿ. ಯಾಕ? ಮುರದಾಗ ಅಂವ ಊರಾಗ ಇರಬೇಕಲ್ಲ, ಅದಕ್ಕ. ಮಾಡಿದ ಕೆಲಸಕ್ಕಷ್ಟ ರೊಕ್ಕ ಕೊಟ್ಟಿದ್ರ ನಮ್ಮ ಊರಾಗ ಒಬ್ಬ ಬಡಿಗ್ಯಾನೂ ಉಳೀತಿದ್ದಿಲ್ಲ. ನಿಮ್ಮ ಪೆಟಿಗಿನೂ ಹಂಗ. ಅದು ಕುಂತು ತಿನ್ನೂದಿಲ್ರಿ, ಕುಂತು ಕಾಯ್ತೈತಿ.”

ಅರ್ಥಶಾಸ್ತ್ರವನ್ನು ನಾನು ಓದಿದವನಲ್ಲ. ಆದರೆ ಆ ಮಾತು ಕೇಳಿ ನನ್ನ ಮೈ ಜುಮ್ಮೆಂದಿತು. ಶಿವಶರಣಪ್ಪನವರು ಸೀರಂ ತರಿಸಲು ಒಪ್ಪಿದರು, ಉದ್ದರಿಯಲ್ಲಿ. ಆಯದ ಮಾತಿಗೆ ಮಾತ್ರ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮನೆಗೆ ಹೋದರೆ ಗುರುಬಾಯಿ, “ಬಡಿಗ್ಯಾರ ಸಾಲಿನ್ಯಾಗ ಕುಂದರತೀರೇನು?” ಎಂದು ಒಂದೇ ಮಾತು ಕೇಳಿ ಒಳಗೆ ಹೋದರಂತೆ.

ರಾಶಿಯ ದಿನ ರೇವಪ್ಪನ ಕಣದಲ್ಲಿ ಬಿಳಿಜೋಳ ಗುಡ್ಡೆಯಾಗಿ ಬಿದ್ದಿತ್ತು. ಆಯಗಾರರು ಸಾಲಾಗಿ ಕೂತಿದ್ದರು. ಬೆಳಗಿನ ಬಸ್ಸಿಳಿದು ಶಿವಶರಣಪ್ಪನವರು ಬಂದರು. ಕರಿ ಟೊಪ್ಪಿಗೆ, ಅಂಗಡಿಯ ಅದೇ ಕೋಟು. ಎಲ್ಲಿ ನಿಲ್ಲಬೇಕು, ಎಲ್ಲಿ ಕೂರಬೇಕು ಎಂದು ತಿಳಿಯದ ಹೊಸ ಅಳಿಯನ ಹಾಗೆ ಅತ್ತಿತ್ತ ನೋಡಿದರು. ಬಡಿಗರ ಗೊಲ್ಲಾಳಪ್ಪ ಸರಿದು ಜಾಗ ಬಿಟ್ಟು, “ಬರ್ರಿ, ಇಲ್ಲಿ ಕುಂದರ್ರಿ” ಎಂದ. ಅವರು ಕೂತರು. ಹೆಗಲ ಟಾವೆಲನ್ನು ತೆಗೆದು ಮುಂದೆ ಹಾಸಿದರು. ನನ್ನ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಹೆಣ್ಣುದನಿ: “ಆ ಟಾವೆಲಿನ್ಯಾಗ ಎಷ್ಟು ಹಿಡಿತೈತ್ರಿ? ವ್ಯವಹಾರ ಅಂದ್ರ ನಿಮಗ ಯಾವಾಗ ತಿಳದೀತು!”

ಗುರುಬಾಯಿ. ಅದೇ ಬಸ್ಸಿನ ಹೆಂಗಸರ ಸೀಟಿನಲ್ಲಿ, ಗಂಡನಿಗೂ ತಿಳಿಸದೆ ಬಂದಿದ್ದರು. ಕಂಕುಳಲ್ಲಿ ಮಡಚಿದ ಗೋಣಿಚೀಲಗಳಿದ್ದವು. ಟಾವೆಲನ್ನು ಸರಿಸಿ ಚೀಲದ ಬಾಯಿ ಬಿಚ್ಚಿ ಹಿಡಿದು, “ಹಾಕ್ರಿ ಎಪ್ಪಾ” ಎಂದರು. ರೇವಪ್ಪ ಮೊದಲ ಮೊರ ಸುರಿದ. ಕಣದಿಂದ ಕಣಕ್ಕೆ ಗಂಡ ಹೆಂಡತಿ ನಡೆದರು. ಮುಂದಿನ ವರ್ಷ ಬಬಲೇಶ್ವರದವರು ತಾವೇ ಕರೆ ಕಳಿಸಿದರು. ಆ ಜೋಳ ಪೇಟೆಯಲ್ಲಿ ಮಾರಾಟವಾಗಿ ಸೀರಂ ಆಯಿತು, ಸೀಮೆಎಣ್ಣೆಯಾಯಿತು. ಮುಂಬಯಿ ಪಾರ್ಸೆಲ್ಲು ಬರುವುದು ನಿಲ್ಲಲಿಲ್ಲ, ಗಾಂಧಿ ಚೌಕದ ತಂಪುಪೆಟ್ಟಿಗೆಯ ದೀಪವೂ ಆರಲಿಲ್ಲ.

ಅರವತ್ತೈದರಲ್ಲೊಂದು ವಿಚಿತ್ರ. ಆ ವರ್ಷವಿಡೀ ನಮ್ಮ ಊರಿನಲ್ಲಾಗಲಿ ಸುತ್ತಲಿನ ಊರುಗಳಲ್ಲಾಗಲಿ ಒಂದು ಮಗುವಿಗೂ ಗಂಟಲಮಾರಿ ಬರಲಿಲ್ಲ. ಸೀರಂ ಎಲ್ಲ ಅವಧಿ ಮುಗಿದು ಹಾಳಾಯಿತು. ರಾಶಿಗೆ ಶಿವಶರಣಪ್ಪನವರು ಬಂದರು, ಕೂರಲಿಲ್ಲ. ನಿಂತೇ ಹೇಳಿದರು: “ರೇವಪ್ಪಣ್ಣ, ಈ ವರ್ಷ ನಿಮಗ ನಾ ಏನೂ ಮಾಡಿಲ್ಲ. ಎಲ್ಲಾ ಚೆಲ್ಲೇನಿ. ಆಯ ಹೆಂಗ ತಗೊಳ್ಳಲಿ?”

ಕಣದಲ್ಲಿ ಮಲಕವ್ವ ಲಂಗ ಎತ್ತಿ ಕಟ್ಟಿ ಕಾಳು ಆರಿಸುತ್ತಿದ್ದಳು. ರೇವಪ್ಪ ಅವಳತ್ತ ಒಮ್ಮೆ ನೋಡಿ, ಮೊರವನ್ನು ತುಳುಕುವ ಹಾಗೆ ತುಂಬಿ, ಗುರುಬಾಯಿ ಹಿಡಿದಿದ್ದ ಚೀಲಕ್ಕೆ ಸುರಿದ. ಮತ್ತೊಮ್ಮೆ ತುಂಬಿದ.

“ಬರಬ್ಯಾಡ್ರಿ, ಬರಬ್ಯಾಡ್ರಿ ಅಂತ ನೀವ ಅಂತಿದ್ರಲ್ಲ ಸಾವಕಾರ್ರ? ಈ ವರ್ಷ ನಾವ್ಯಾರೂ ಬರಲಿಲ್ಲ” ಎಂದ. “ಇದು ಅದರ ಆಯ.”

ಶಿವಶರಣಪ್ಪನವರು ಟೊಪ್ಪಿಗೆ ತೆಗೆದು, ಗೊಲ್ಲಾಳಪ್ಪನ ಪಕ್ಕದಲ್ಲಿ ತಮ್ಮ ಜಾಗಕ್ಕೆ ಹೋಗಿ ಕೂತರು.